ನನ್ನ ಕಾದಂಬರಿಯನ್ನು ಕೆಡಿಸಿದ ನಾಣ್ಯದ ಚೀಲ

ಕ್ಲಿಯೋಪಾತ್ರ, ಟುಟಂಖಾಮನ್, ಹಾಟ್‌ಶೆಪ್ಸುತ್ ಎಲ್ಲರ ಮೇಲೂ ಈಗಾಗಲೇ ಕಾದಂಬರಿಗಳು ಬಂದಿರುವಾಗ, ಪ್ರಾಚೀನ ಈಜಿಪ್ಟಿನ ಬಗ್ಗೆ ಮೊದಲ ಕಾದಂಬರಿ ಬರೆಯಹೊರಟ ನಿಮಗೆ ಎಲ್ಲಿ ಜಾಗ ಉಳಿದಿದೆ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳಿಕೊಂಡು, ಹೆಣ್ಣಾಗಿ ಫೇರೋ ಪಟ್ಟವೇರಿದ ಹಾಟ್‌ಶೆಪ್ಸುತ್‌ಳ ಅರಮನೆಯಲ್ಲಿ ಜಾಗ ಹಿಡಿದೆ.

ಮೂರು ವರ್ಷ ಬರೆದೆ. ದೇರ್ ಎಲ್-ಬಹ್ರಿಯಲ್ಲಿ ಬಂಡೆಗೆ ಒರಗಿದಂತೆ ನಿಂತಿರುವ ಅವಳ ದೇವಾಲಯ, ಪಂಟ್ ದೇಶದಿಂದ ಹಡಗಿನಲ್ಲಿ ಬಂದ ಧೂಪದ ಗಿಡಗಳು, ಅಧಿಕಾರಿ ಸೆನೆನ್ಮುತ್, ಓದಿದ್ದೆಲ್ಲವನ್ನೂ ತುಂಬಿಸಿದೆ. ನನ್ನ ನಾಯಕಿ ಅರಮನೆಯ ಒಬ್ಬ ದಾಸಿ. ಖಜಾನೆಯ ಲಿಪಿಕಾರನೊಬ್ಬ ಅವಳ ಬಾಯಿ ಮುಚ್ಚಿಸಲು ಚಿನ್ನದ ನಾಣ್ಯಗಳ ಚೀಲವೊಂದನ್ನು ಕೊಡುತ್ತಾನೆ, ಅವಳು ಅದನ್ನು ಒಲೆಯ ಪಕ್ಕದಲ್ಲಿ ಹೂತಿಡುತ್ತಾಳೆ, ಕೊನೆಗೆ ಅದೇ ಹಣ ಕೊಟ್ಟು ದೋಣಿ ಹಿಡಿದು ಮೆಂಫಿಸ್‌ಗೆ ಓಡಿಹೋಗುತ್ತಾಳೆ. ಹಸ್ತಪ್ರತಿಯನ್ನು ಓದಿದ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು 41ನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದಿದ್ದರು: ಈ ನಾಣ್ಯಗಳನ್ನು ಟಂಕಿಸಿದವರು ಯಾರು?

ಯಾರೂ ಟಂಕಿಸಿರಲಿಲ್ಲ. ಹಾಟ್‌ಶೆಪ್ಸುತ್ ತೀರಿಕೊಂಡದ್ದು ಕ್ರಿ.ಪೂ. 1458ರ ಸುಮಾರಿಗೆ, ಜಗತ್ತಿನ ಮೊದಲ ನಾಣ್ಯಗಳಲ್ಲಿ ಸೇರಿದ ಇಂದಿನ ಟರ್ಕಿಯಲ್ಲಿದ್ದ ಲಿಡಿಯಾ ರಾಜ್ಯದ ನಾಣ್ಯಗಳು ಹುಟ್ಟಿದ್ದು ಅದಾದ ಸುಮಾರು 800 ವರ್ಷಗಳ ಮೇಲೆ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಒಂದು ಪದ ತಿದ್ದಿದರೆ ಸರಿಹೋಗುವ ತಪ್ಪು ಇದಲ್ಲ. ನಾನೂ ಮೊದಲು ನಾಣ್ಯವೆಂದಿದ್ದಲ್ಲೆಲ್ಲ ಚಿನ್ನದ ಉಂಗುರವೆಂದು ತಿದ್ದಿ ನೋಡಿದೆ, ಕಥೆ ನಿಲ್ಲಲಿಲ್ಲ. ಆ ಕಾಲದ ಈಜಿಪ್ಟಿನಲ್ಲಿ ವಸ್ತುಗಳ ಬೆಲೆಯನ್ನು ತಾಮ್ರದ ದೆಬೆನ್‌ಗಳಲ್ಲಿ ಹೇಳುತ್ತಿದ್ದರು. ದೆಬೆನ್ ಎಂದರೆ ನಾಣ್ಯವಲ್ಲ, ಸುಮಾರು 91 ಗ್ರಾಂ ತೂಕ. ಲೆಕ್ಕ ತಾಮ್ರದಲ್ಲಿ ನಡೆದರೂ ಕೈ ಬದಲಾಗುತ್ತಿದ್ದುದು ಸಾಮಾನು. ರಾಜರ ಗೋರಿಗಳನ್ನು ಕೊರೆಯುತ್ತಿದ್ದ ಕುಶಲಕರ್ಮಿಗಳ ಊರಾದ ದೇರ್ ಎಲ್-ಮದೀನಾದಲ್ಲಿ, ಹಾಟ್‌ಶೆಪ್ಸುತ್‌ಳ ನಂತರದ ಕಾಲದ್ದಾದ ಒಂದು ವ್ಯವಹಾರದ ಲೆಕ್ಕ ಸಿಕ್ಕಿದೆ. 120 ದೆಬೆನ್ ಬೆಲೆಯ ಎತ್ತಿಗೆ ಪ್ರತಿಯಾಗಿ 60 ದೆಬೆನ್ನಿನ ಎರಡು ಗಡಿಗೆ ಕೊಬ್ಬು, 25ರ ಐದು ಅಂಗಿ, 20ರ ಒಂದು ಉಡುಪು, 15ರ ಒಂದು ಚರ್ಮ ಸಂದಿವೆ. ಇಂಥ ಊರಿನಲ್ಲಿ ಒಬ್ಬರ ಬಳಿ ಏನಿದೆ ಎಂಬುದು ಪಕ್ಕದ ಮನೆಗೆ ಗೊತ್ತಿರುತ್ತದೆ. ಗಡಿಗೆಯನ್ನು ಸೆರಗಿನಲ್ಲಿ ಮುಚ್ಚಿಡಲಾಗದು. ದಾಸಿಯ ಕೈಯಲ್ಲಿ ಚಿನ್ನ ಕಂಡರೆ ಆ ಚಿನ್ನವೇ ಅವಳ ವಿರುದ್ಧ ಸಾಕ್ಷಿ. ನನ್ನ ನಾಯಕಿಯ ಗುಟ್ಟು, ಒಂಟಿತನ, ಯಾರ ಹಂಗೂ ಇಲ್ಲದೆ ರಾತ್ರೋರಾತ್ರಿ ಹೊರಟುಹೋಗುವ ಸ್ವಾತಂತ್ರ್ಯ, ಇವೆಲ್ಲ ಹುಟ್ಟಿದ್ದು ಆ ಚೀಲದಿಂದ. ನನ್ನ ಕಾಲದ ಹೆಣ್ಣಿನ ಕಣ್ಣಿಗೆ ಕಾಡಿಗೆ ಹಚ್ಚಿ ಪ್ರಾಚೀನ ಈಜಿಪ್ಟಿನ ಥೀಬ್ಸ್ ನಗರದಲ್ಲಿ ನಿಲ್ಲಿಸಿದ್ದೆ. ಹಸ್ತಪ್ರತಿಯನ್ನು ಪೂರ್ತಿಯಾಗಿ ಕೈಬಿಟ್ಟೆ.

ಆದ್ದರಿಂದ ಖಾಲಿ ಜಾಗ ಹುಡುಕುವ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ ಒಬ್ಬ ರಾಣಿಯನ್ನು ಹಿಡಿದುಕೊಂಡು ಕಾದಂಬರಿ ಬರೆಯಲಾಗದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆನ್ನುವುದರಿಂದ ಅಲ್ಲಿಂದ ಆರಂಭಿಸಲೇ ಎಂದೂ ಕೇಳಿದ್ದೀರಿ. ಬೇಡ. ಅವು ಕನ್ನಡವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದಿರಲಿ, ಅದು ರೋಮನ್ ಆಳ್ವಿಕೆಯ ಈಜಿಪ್ಟು, ಫೇರೋಗಳ ಕಾಲ ಮುಗಿದ ಮೇಲಿನದು. ನಮ್ಮ ನುಡಿಯ ನಂಟಿದೆ ಎಂಬ ಒಂದೇ ಹೆಮ್ಮೆಯಿಂದ ಪಾತ್ರಗಳು ಉಸಿರಾಡುವುದಿಲ್ಲ.

ರಾಣಿಯರನ್ನು ಒಂದು ವರ್ಷ ಬದಿಗಿಟ್ಟು ಸಾಮಾನ್ಯರ ಲೆಕ್ಕಪತ್ರಗಳನ್ನು ಓದಿ ಎಂಬುದೇ ನನ್ನ ಸಲಹೆ. ಯಾರಿಗೆ ಯಾರು ಎಷ್ಟು ಧಾನ್ಯ ಕೊಡಬೇಕಿತ್ತು ಎಂಬಲ್ಲಿ ಜಗಳವಿರುತ್ತದೆ, ಜಗಳವಿರುವಲ್ಲಿ ಮನುಷ್ಯರಿರುತ್ತಾರೆ. ಫೇರೋ ಮೂರನೆಯ ರಾಮ್ಸೆಸ್‌ನ ಆಳ್ವಿಕೆಯ 29ನೆಯ ವರ್ಷದಲ್ಲಿ ಅದೇ ದೇರ್ ಎಲ್-ಮದೀನಾದ ಕೆಲಸಗಾರರು, ಕೂಲಿಯ ಧಾನ್ಯ ಬಂದಿಲ್ಲವೆಂದು ಕೆಲಸ ಬಿಟ್ಟು ದೇವಾಲಯದ ಹಿಂದೆ ಹೋಗಿ ಕುಳಿತರು. ಅದನ್ನು ದಾಖಲಿಸಿದ ಪಪೈರಸ್ ಇಂದು ಇಟಲಿಯ ಟುರಿನ್‌ನಲ್ಲಿದೆ.

ನನಗೆ ದಾರಿ ಸಿಕ್ಕಿದ್ದು ಅದಕ್ಕೂ ಈಚಿನ, ಗೋರಿಗಳ್ಳರ ವಿಚಾರಣೆಯ ಕಡತದಲ್ಲಿ. ನಿನ್ನ ಬಳಿಗೆ ಬೆಳ್ಳಿ ಹೇಗೆ ಬಂತು ಎಂದು ಅಧಿಕಾರಿಗಳು ಒಬ್ಬ ಹೆಂಗಸನ್ನು ಕೇಳುತ್ತಾರೆ. ಕತ್ತೆಕಿರುಬಗಳ ವರ್ಷದಲ್ಲಿ, ಬರ ಬಿದ್ದಿದ್ದಾಗ, ಬಾರ್ಲಿ ಕೊಟ್ಟು ಪಡೆದೆ ಎಂದು ಆಕೆ ಉತ್ತರಿಸುತ್ತಾಳೆ. ಜನ ಹಸಿದಿದ್ದಾಗ ಆಕೆಯ ಮನೆಯಲ್ಲಿ ಬಾರ್ಲಿ ಉಳಿದಿತ್ತೇ, ಅಥವಾ ತನ್ನವರನ್ನು ಉಳಿಸಲು ಆಕೆ ಆ ಮಾತು ಹೆಣೆದಳೇ? ಮೊದಲ ಹಸ್ತಪ್ರತಿಯ ಒಂದು ಸಾಲನ್ನೂ ಉಳಿಸಿಕೊಳ್ಳದೆ, ಒಬ್ಬ ಹೆಂಗಸು ಕತ್ತಲಲ್ಲಿ ಬಾರ್ಲಿ ಅಳೆಯುವ ದೃಶ್ಯದಿಂದ ನನ್ನ ಎರಡನೆಯ ಕಾದಂಬರಿಯನ್ನು ಆರಂಭಿಸಿದೆ.