ಕ್ವಾರಂಟೈನ್‌ನಲ್ಲಿರುವ ನರ್ಸ್‌ಗೆ ಸಂಬಳ ಯಾಕೆ ಕೊಡಬೇಕು?

ಯಾಕಂದ್ರೆ ಅವರು ರಜೆ ಹಾಕಿ ಕೂತಿಲ್ಲ, ಕೆಲಸ ಮಾಡಿದ್ದಕ್ಕೇ ಕೂತಿದ್ದಾರೆ. 2020ರಲ್ಲಿ ಕೋವಿಡ್ ಡ್ಯೂಟಿಯ ಡಾಕ್ಟರ್‌ಗಳ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗಲೂ, ಆ ದಿನಗಳನ್ನು ಡ್ಯೂಟಿ ಎಂದೇ ಲೆಕ್ಕ ಹಾಕಬೇಕು ಅಂತಾಯಿತು.

ಇದು ಬರೀ ಕರುಣೆಯ ಮಾತಲ್ಲ. ಸಂಬಳ ಕಟ್ ಆಗುತ್ತೆ ಅಂದ್ರೆ ಜನ ಬಾಯಿ ಬಿಡಲ್ಲ. ರಾತ್ರಿ ಪಾಳಿಯಲ್ಲಿ ಆಯಾ ಒಬ್ಬರ ಗ್ಲೌಸ್ ಹರಿಯಿತು ಅಂದುಕೊಳ್ಳಿ. ಹೇಳಿದರೆ 14 ದಿನದ ಪಗಾರ ಹೋಗುತ್ತೆ. ಸಾಲದ್ದಕ್ಕೆ ಗುತ್ತಿಗೆ ಕೆಲಸ. ಅವರು ಸುಮ್ನೆ ಕೈ ತೊಳೆದುಕೊಂಡು ಮರುದಿನ ವಾರ್ಡಿಗೆ ಬರುತ್ತಾರೆ, ಅಲ್ವಾ? ರೋಗ ಹಬ್ಬುವುದು ಹೀಗೆ.

ಇನ್ನೊಂದು ಗೊಂದಲ ಬಿಡಿಸಬೇಕು: ಕ್ವಾರಂಟೈನ್‌ನಲ್ಲಿರುವವರು ರೋಗಿಗಳಲ್ಲ. ಸೋಂಕು ತಗುಲಿರಬಹುದು ಅನ್ನೋ ಅನುಮಾನಕ್ಕೆ ಕಾಯುತ್ತಿರುವವರು. ಆ ಕಾಯುವ ಅವಧಿ ರೋಗದಿಂದ ರೋಗಕ್ಕೆ ಬೇರೆ. ಎಬೋಲಾಗೆ 21 ದಿನ.

ಬಾಡಿಗೆಗಿರುವ ನರ್ಸ್‌ನ್ನು ಮನೆ ಮಾಲೀಕರು ಖಾಲಿ ಮಾಡಿಸಬಹುದಾ ಅನ್ನೋದು ಇನ್ನೊಂದು ಪ್ರಶ್ನೆ. ಸಾಂಕ್ರಾಮಿಕದ ಹೊತ್ತಲ್ಲಿ ಆರೋಗ್ಯ ಸಿಬ್ಬಂದಿ ಬಾಳದಂತೆ ಕಿರುಕುಳ ಕೊಟ್ಟರೆ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಪ್ರಕಾರ 3 ತಿಂಗಳಿಂದ 5 ವರ್ಷ ಜೈಲು. ಜಾಮೀನೂ ಸುಲಭಕ್ಕೆ ಸಿಗಲ್ಲ.

ಕೋವಿಡ್ ಹೊತ್ತಲ್ಲಿ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಬ್ಬ ನರ್ಸ್ ಅಕ್ಕಾರ ಮನೆಯ ನಳ ಬಂದ್ ಮಾಡಿಸಿದ್ದರು. ಎದುರು ಮನೆಯ ಅಜ್ಜಿ ಮಾತ್ರ ದಿನಾ ಗೇಟಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಚೀಲ ನೇತುಹಾಕಿ, ದೂರ ನಿಂತು ಕೂಗಿ ಹೇಳುತ್ತಿದ್ದರು.