ಡೋರ್ ಹೊರಗೆ ಉಬ್ಬಿದೆ, ಯಾರೂ ಗುದ್ದಿಲ್ಲ!

ಪ್ರಶ್ನೆ: ಎರಡು ವರ್ಷದ ಹಿಂದೆ ಹಳೇ ಕಾರು ತಗೊಂಡೆ. ತೋಟದ ಮನೆ, ಶೆಡ್ ಇಲ್ಲ, ಸಿಲ್ವರ್ ಓಕ್ ಮರದ ಕೆಳಗೇ ನಿಲ್ಲಿಸುತ್ತೇವೆ. ಈ ಮಳೆಗಾಲದ ನಂತರ ಎಡಗಡೆ ಹಿಂದಿನ ಡೋರಿನ ಕೆಳಭಾಗ ಹೊರಗೆ ಉಬ್ಬಿದೆ. ಗೀರಿಲ್ಲ, ಬಣ್ಣ ಹೋಗಿಲ್ಲ. ಒಳಗಿನ ಪ್ಯಾಡ್ ಕೂಡ ಸೊಟ್ಟಗಾಗಿದೆ. ಮಗ ಎಲ್ಲೋ ತಾಗಿಸಿದ್ದಾನೆ ಅಂತ ನನ್ನ ಅನುಮಾನ.
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಮಗನನ್ನು ಬಿಟ್ಟುಬಿಡಿ. ಹೊರಗಿಂದ ಗುದ್ದಿದರೆ ತಗಡು ಒಳಗೆ ಹೋಗುತ್ತದೆ, ಅಲ್ವಾ? ಹೊರಗೆ ಉಬ್ಬಿದೆ, ಪ್ಯಾಡೂ ಸೊಟ್ಟಗಾಗಿದೆ ಅಂದರೆ ನನಗೆ ಮೊದಲ ಅನುಮಾನ ನೀರಿನ ಮೇಲೆ.

ಗಾಜಿನ ಬುಡದ ರಬ್ಬರ್ ಪಟ್ಟಿ (ಬೀಡಿಂಗ್) ದಾಟಿ ಡೋರಿನೊಳಗೆ ನೀರು ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಡೋರಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ತರಗೆಲೆ ಪುಡಿ, ಕೆಂಪು ಮಣ್ಣು ಸೇರಿ ಅವು ಕಟ್ಟಿಕೊಂಡರೆ ಕಕ್ಕಡ ತಿಂಗಳ ಜೋರು ಮಳೆಯೆಲ್ಲ ಒಳಗೇ ನಿಲ್ಲುತ್ತದೆ. ಡೋರಿನ ಅಂಚಿನಲ್ಲಿ ಹೊರತಗಡನ್ನು ಒಳತಗಡಿನ ಮೇಲೆ ಮಡಚಿರುತ್ತಾರೆ. ಆ ಮಡಿಕೆಯೊಳಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ತಗಡನ್ನು ಹೊರಗೆ ತಳ್ಳುತ್ತದೆ. ಬಣ್ಣ ಒಡೆಯುವುದು ಆಮೇಲೆ.

ಮೊದಲು ಗಾಜು ಪೂರ್ತಿ ಏರಿಸಿ, ಅದರ ಮೇಲೆ ಒಂದೆರಡು ಚೊಂಬು ನೀರು ಸುರಿಯಿರಿ. ಡೋರಿನಡಿಯಿಂದ ನೀರು ತೊಟ್ಟಿಕ್ಕಬೇಕು. ಬರದಿದ್ದರೆ ತೂತು ಕಟ್ಟಿದೆ. ಪೊರಕೆ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ತಂತಿ ಹಾಕಬೇಡಿ, ಬಣ್ಣ ಕೆರೆದು ಅಲ್ಲೇ ಹೊಸ ತುಕ್ಕು ಶುರುವಾಗುತ್ತದೆ.

ಇದು ಸೆಕೆಂಡ್ ಹ್ಯಾಂಡ್ ಗಾಡಿ, ಹಾಗಾಗಿ ಇನ್ನೊಂದು ಅನುಮಾನವೂ ಇದೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಉಬ್ಬಿನ ಮೇಲಿಡಿ, ಆಮೇಲೆ ಬಲಗಡೆ ಡೋರಿನ ಅದೇ ಜಾಗದಲ್ಲಿಡಿ. ಉಬ್ಬಿನ ಮೇಲೆ ನಿಲ್ಲದೆ ಜಾರಿದರೆ ಅಲ್ಲಿ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ. ಹಿಂದೆ ಪೆಟ್ಟು ಬಿದ್ದ ಜಾಗ ಮುಚ್ಚಲು ಹಾಕಿದ ಪುಟ್ಟಿ ಈಗ ತೇವ ಹೀರಿ ಏಳುತ್ತಿರಬಹುದು.

ಪ್ಯಾಡ್ ಬಿಚ್ಚಿಸಿದರೆ ಹಿಂದೆ ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ಸ್ಪೀಕರ್ ಹಾಕುವಾಗ ಅದನ್ನು ಹರಿದು ಸುಮ್ನೆ ಬಿಟ್ಟುಬಿಡುವವರು ಬೇಕಾದಷ್ಟು. ಹಾಳೆ ಹರಿದಿದ್ದರೆ ಪ್ಯಾಡಿನ ಹಲಗೆ ನೀರು ಕುಡಿದು ಉಬ್ಬುತ್ತದೆ, ಕ್ಲಿಪ್ ಕಿತ್ತುಬರುತ್ತದೆ. ಹೊಸ ಪ್ಯಾಡ್ ಹಾಕಿಸುವ ಮೊದಲು ಹಾಳೆ ಸರಿಮಾಡಿಸಿ.

ಟಿಂಕರಿಂಗ್‌ನವರು ಉಬ್ಬು ತಟ್ಟಿ ಮೇಲೆ ಬಣ್ಣ ಹೊಡೆಯುತ್ತೇನೆ ಅಂದರೆ ಒಪ್ಪಬೇಡಿ, ಮುಂದಿನ ಮಳೆಗಾಲಕ್ಕೆ ಮತ್ತೆ ಏಳುತ್ತದೆ. ಅಂಚು ಒತ್ತಿದಾಗ ತಗಡು ಕುಸಿದರೆ ಆ ಭಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಹಾಗೇ ಇನ್ನೊಂದು ಮಾತು, ತುಕ್ಕಿಗೆ ಇನ್ಶೂರೆನ್ಸ್ ದುಡ್ಡು ಬರುವುದಿಲ್ಲ.