ಹಾಲಿನ ಲೆಕ್ಕಕ್ಕೆ ಪ್ರೋಗ್ರಾಂ ಬರೆದ ಹುಡುಗಿ ಮುಂದೇನು ಓದಬೇಕು?

ಪ್ರಶ್ನೆ: ಮೇಡಂ, ಈ ಸಲ ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ. ಮೈಸೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮೂರ ಅಕ್ಕ ಒಬ್ಬರು ಭಾನುವಾರ ಪಂಚಾಯ್ತಿ ಅರಿವು ಕೇಂದ್ರಕ್ಕೆ ಬಂದು ನಮಗೆಲ್ಲ ಮೊದಲು ಸ್ಕ್ರ್ಯಾಚ್, ಆಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳನ್ನು ಹೇಳಿಕೊಟ್ಟರು. ನಾನು ಡೈರಿಗೆ ಹಾಕುವ ಹಾಲಿನ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದೆ, ಇದರ ಜೊತೆ ಕಳಿಸಿದ್ದೇನೆ. ಈಗ ಅಕ್ಕನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಹತ್ತಿರದ ಕಾಲೇಜಿನಲ್ಲಿ ಪಿಸಿಎಂಬಿ ಮಾತ್ರ ಇದೆ. ಕಂಪ್ಯೂಟರ್ ಸೈನ್ಸ್ ಬೇಕೆಂದರೆ ಮಂಡ್ಯಕ್ಕೆ ಹೋಗಬೇಕು, ಅಪ್ಪ ಒಪ್ಪುತ್ತಿಲ್ಲ. 'ಎಐ ಬಂದಮೇಲೆ ಕೋಡ್ ಕಲಿತು ಏನ್ ಮಾಡ್ತೀಯವ್ವ' ಅಂತಾರೆ ಮಾವ. ಮನೇಲಿ ಅಪ್ಪನ ಮೊಬೈಲ್ ಬಿಟ್ಟರೆ ಬೇರೇನಿಲ್ಲ. ಏನು ಮಾಡಲಿ?
– ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ: ನಿನ್ನ ಪ್ರೋಗ್ರಾಂ ಪೂರ್ತಿ ಓದಿದೆ, ಮಗಳೇ. ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಷ್ಟು ಅಂತ ಕೇಳುತ್ತದೆ. ದರದ ಪಟ್ಟಿ ನೋಡಿ ದುಡ್ಡು ಕೂಡಿಸುತ್ತದೆ. ಸಾಲದಲ್ಲಿ ತಂದ ಫೀಡ್ ಮೂಟೆಯ ಬಾಬ್ತು ಮುರಿದುಕೊಂಡು, ಬಟವಾಡೆ ದಿನ ಕೈಗೆ ಬರಬೇಕಾದ ಮೊತ್ತ ಹೇಳುತ್ತದೆ. ನಾನು ಮೈಸೂರಿನ ಪಾಲಿಟೆಕ್ನಿಕ್ ಒಂದರಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿದವಳು. ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ದುಡ್ಡು ಕೊಟ್ಟು ತಂದ ಪ್ರೋಗ್ರಾಂಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವುಗಳ ಪಕ್ಕದಲ್ಲಿ ನಿನ್ನದು ತಲೆ ಎತ್ತಿ ನಿಲ್ಲುತ್ತದೆ. ಫ್ಯಾಟ್ ತುಂಬದೆ ಬಿಟ್ಟರೆ ಮುಂದೆ ಹೋಗದೆ ಮತ್ತೆ ಕೇಳುವಂತೆ ಒಂದು ಸಾಲು ಹಾಕಿದ್ದೀಯಲ್ಲ, ಅದನ್ನು ಓದಿ ಬಹಳ ಸಂತೋಷವಾಯಿತು. ಡೈರಿ ಪುಸ್ತಕದಲ್ಲಿ ಖಾಲಿ ಮನೆ ಕಂಡವರಿಗಷ್ಟೇ ಹೊಳೆಯುವ ಸಾಲು ಅದು.

ನಿನ್ನ ಮಾವನಿಗೂ ಇದನ್ನೇ ತೋರಿಸು. ಎಐಗೆ ಹೇಳಿದರೆ ಇಂಥ ಪ್ರೋಗ್ರಾಂ ಕ್ಷಣದಲ್ಲಿ ಬರೆದುಕೊಡುತ್ತದೆ, ನಿಜ. ಅದು ಫ್ಯಾಟ್ ಇರಬೇಕಾದ ಕಡೆ ಎಸ್‌ಎನ್‌ಎಫ್ ಹಾಕಿ ಗುಣಿಸಿದರೆ ತಪ್ಪನ್ನು ಹಿಡಿಯುವವರು ಯಾರು? ಹಾಲಿನ ಲೆಕ್ಕವೂ ಗೊತ್ತಿದ್ದು ಕೋಡನ್ನೂ ಓದಬಲ್ಲವರು ಹಿಡಿಯಬೇಕು. ಕೆಲಸಗಳ ಸ್ವರೂಪ ಬದಲಾಗುತ್ತಿದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಹಾಗಾಗಿಯೇ ಮೇಲುಮೇಲಿನ ಕಲಿಕೆ ಸಾಲದು ಎನ್ನುತ್ತೇನೆ.

ಇನ್ನು ಕಾಂಬಿನೇಷನ್. ಪಿಸಿಎಂಬಿ ತಗೊಂಡರೆ ಕಂಪ್ಯೂಟರ್ ಸೈನ್ಸ್ ಸೀಟು ಸಿಗುವುದಿಲ್ಲ ಎಂಬ ಭಯ ನಿನ್ನ ಪತ್ರದಲ್ಲಿ ಕಾಣುತ್ತದೆ. ಅದನ್ನು ಬಿಟ್ಟುಬಿಡು. ಇಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಅಂಕ ಅರ್ಧ. ಸಿಇಟಿಯಲ್ಲಿ ಅದಕ್ಕೆ ಬರೆಯಬೇಕಾದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ನಿನ್ನ ಹತ್ತಿರದ ಕಾಲೇಜಿನಲ್ಲಿ ಈ ಮೂರೂ ಇವೆ. ಗಣಿತದ ಮೇಷ್ಟ್ರು ಹೇಗೆ ಪಾಠ ಮಾಡುತ್ತಾರೆ ಎಂದು ಅಲ್ಲಿ ಓದುತ್ತಿರುವ ಹುಡುಗಿಯರನ್ನು ಕೇಳು. ಚೆನ್ನಾಗಿ ಮಾಡುತ್ತಾರೆ ಎಂದರೆ ಅಲ್ಲೇ ಸೇರು, ಕಂಪ್ಯೂಟರನ್ನು ನೀನು ಹೇಗೂ ಕಲಿಯುತ್ತಿದ್ದೀಯ. ಗಣಿತಕ್ಕೆ ಅಲ್ಲಿ ಸರಿಯಾಗಿ ಯಾರೂ ಇಲ್ಲ ಎಂದಾದರೆ ಆಗ ಮಂಡ್ಯಕ್ಕಾಗಿ ಹಟ ಹಿಡಿ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿನಗೆ ಟಿಕೆಟ್ ದುಡ್ಡಿಲ್ಲ. ಅಪ್ಪನ ಚಿಂತೆ ದುಡ್ಡಿನದಲ್ಲ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತೀಯ ಎಂಬುದು. ಬಸ್ಸಿನ ವೇಳೆ ಬರೆದುಕೊಂಡು, ಜೊತೆಗೆ ಓಡಾಡುವ ಹುಡುಗಿಯರು ಯಾರೆಂದು ತಿಳಿದುಕೊಂಡು ಮಾತಿಗೆ ಕೂರು. ಮುಂದಕ್ಕೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ ಎಂದು ಅವರಿಗೆ ಹೇಳು. ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜು 1962ರದು, ಮೈಸೂರಿನ ಎನ್‌ಐಇ 1946ರದು.

ಡಿಪ್ಲೊಮಾ ದಾರಿಯೂ ಇದೆ. ಎಸ್ಸೆಸ್ಸೆಲ್ಸಿ ಆದಮೇಲೆ 3 ವರ್ಷ ಕಂಪ್ಯೂಟರ್ ಸೈನ್ಸ್, ಆಮೇಲೆ ಡಿಪ್ಲೊಮಾ ಆದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ. ಪಿಯುಸಿ ಮೂಲಕ ಹೋದರೂ, ಹೀಗೆ ಹೋದರೂ ಒಟ್ಟು 6 ವರ್ಷವೇ. ಎರಡರಲ್ಲಿ ಯಾವುದಕ್ಕೆ ಹೋದರೂ ತಾಂತ್ರಿಕ ಶಿಕ್ಷಣದ ರಾಷ್ಟ್ರಮಟ್ಟದ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ನೆನಪಿಟ್ಟುಕೊ. ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ. ಮನೆಯ ವಾರ್ಷಿಕ ವರಮಾನ 8 ಲಕ್ಷ ಮೀರಿರಬಾರದು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಕೊಡುತ್ತಾರೆ, ನಿನಗೆ ತಂಗಿ ಇದ್ದರೆ ಅವಳಿಗೂ ಆಯಿತು.

ಲ್ಯಾಪ್‌ಟಾಪ್ ಇಲ್ಲ ಎಂದು ಕೈಕಟ್ಟಿ ಕೂರಬೇಡ. ಪೈಡ್ರಾಯ್ಡ್ ಎಂಬ ಆ್ಯಪ್ ಇದೆ, ಅಪ್ಪನ ಮೊಬೈಲಿನಲ್ಲಿ ಇಂಟರ್ನೆಟ್ ಇಲ್ಲದೆಯೂ ಪೈಥಾನ್ ಓಡಿಸಬಹುದು. ಪ್ರೋಗ್ರಾಮನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಅಪ್ಪ ಊಟಕ್ಕೆ ಕೂತಾಗ ಮೊಬೈಲಿಗೆ ಹಾಕಿ ನೋಡು. ಒಂದು ಲೆಕ್ಕ ಕೊಡುತ್ತೇನೆ. 'ಮಂಡ್ಯ' ಎಂಬ ಪದದ ಉದ್ದ ಎಷ್ಟೆಂದು ಪೈಥಾನನ್ನು ಕೇಳು. ನಮಗೆ ಕಾಣುವುದು 2 ಅಕ್ಷರ, ಅದು 5 ಅನ್ನುತ್ತದೆ. ಮ, ಸೊನ್ನೆ, ಡ, ಒತ್ತಕ್ಷರ ಕೂಡಿಸುವ ಗುರುತು, ಯ – ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ನಾವು ಎಣಿಸುವ ಹಾಗೆ 2 ಎಂದು ಹೇಳುವ ಪ್ರೋಗ್ರಾಂ ಬರೆ. ಕನ್ನಡದಲ್ಲಿ ಕೆಲಸ ಮಾಡುವ ತಂತ್ರಾಂಶ ಬರೆಯುವವರೆಲ್ಲ ಎದುರಿಸಲೇಬೇಕಾದ ಸಮಸ್ಯೆ ಇದು. ಬಿಡಿಸಿದರೆ ನನಗೆ ಕಳಿಸು, ಕಾಯುತ್ತಿರುತ್ತೇನೆ.

ಅಕ್ಕ ದೂರ ಹೋದರೆಂದು ಭಾನುವಾರದ ಪಾಠ ನಿಲ್ಲಬಾರದು. ತಿಂಗಳಿಗೊಂದು ಸಲ ಫೋನಿನಲ್ಲಿ ನಿನ್ನ ಪ್ರೋಗ್ರಾಂ ನೋಡಿ ಹೇಳುವಂತೆ ಅವರನ್ನು ಕೇಳು, ಸಂಕೋಚ ಬೇಡ. ಏಳು, ಎಂಟನೇ ಕ್ಲಾಸಿನ ಹುಡುಗಿಯರಿಗೆ ಸ್ಕ್ರ್ಯಾಚ್ ಹೇಳಿಕೊಡುವುದನ್ನು ನೀನೇ ಶುರುಮಾಡು. ಅವರು ಕೇಳುವ 'ಯಾಕೆ'ಗಳಿಗೆ ಉತ್ತರ ಹುಡುಕುವಾಗ ನಿನಗೆ ಅರ್ಥವಾಗದೆ ಉಳಿದದ್ದೂ ಅರ್ಥವಾಗುತ್ತದೆ.

ಪ್ರಶ್ನೆ: ಮಗಳು ಕಾಮರ್ಸ್‌ನಲ್ಲಿ ದ್ವಿತೀಯ ಪಿಯುಸಿ. ಕಾಲೇಜಿನ ಸೀನಿಯರ್ ಒಬ್ಬಳಿಂದ ಪ್ರೋಗ್ರಾಮಿಂಗ್ ರುಚಿ ಹತ್ತಿದೆ. ತಡವಾಯಿತೇ?
– ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ಸಿಇಟಿ ಮೂಲಕ ಇಂಜಿನಿಯರಿಂಗ್ ಈಗ ಆಗುವುದಿಲ್ಲ, ತಡ ಆದದ್ದು ಅಷ್ಟಕ್ಕೇ. ಬಿಸಿಎ ಇದೆ. ಜೊತೆಗೆ ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಪದವಿಯನ್ನೂ ನೋಡಿ. ಪಾಠ ಆನ್‌ಲೈನ್. ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಅರ್ಜಿ ಹಾಕಬಹುದು, ಜೆಇಇ ಬೇಕಿಲ್ಲ. ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು. ಮೊದಲು ಕೆಲವು ವಾರ ಪಾಠ ಕೊಟ್ಟು ಅರ್ಹತಾ ಪರೀಕ್ಷೆ ಮಾಡುತ್ತಾರೆ. ಅವಳ ಅಕೌಂಟೆನ್ಸಿ ವ್ಯರ್ಥವಾಗುವುದಿಲ್ಲ, ಜಿಎಸ್‌ಟಿ ಲೆಕ್ಕ ಬಲ್ಲ ಪ್ರೋಗ್ರಾಮರ್ ಎಲ್ಲಿಯೂ ಬೇಕು. ರಜೆ ಬರುವವರೆಗೆ ಕಾಯದೆ ಈಗಿನಿಂದಲೇ ಹತ್ತನೇ ಕ್ಲಾಸಿನ ಗಣಿತ ಪುಸ್ತಕ ತೆಗೆದು ಮತ್ತೊಮ್ಮೆ ಮಾಡಲು ಹೇಳಿ.